ಗುಡುಗಮ್ಮ ಕೊಂಡ ಬೇಸ್ ಗಿಟಾರ್

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಮೇಲಿನ ಮಹಡಿಗಳಲ್ಲಿ ಯಾರು ಹುಟ್ಟಿದರು, ಯಾರು ಹೋದರು ಎಂಬುದು ಅಲ್ಲಿಯವರಿಗೆ ತಿಳಿಯುತ್ತಿದ್ದುದು ಹಾಸಿಗೆ ಬಟ್ಟೆಗಳ ಮೇಲಿನ ಕಲೆಗಳಿಂದಲೇ. ಅಲ್ಲಿನ ದೊಡ್ಡ ಉರುಳೆಯ ಇಸ್ತ್ರಿ ಯಂತ್ರದ ಮುಂದೆ ನಿಂತು ಅರ್ಧ ಆಯುಷ್ಯ ಕಳೆದವಳನ್ನು ಎಲ್ಲರೂ ಗುಡುಗಮ್ಮ ಎನ್ನುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು, ಇವಳು ಬಾಯಿಬಡುಕಿ ಇರಬೇಕು ಎಂದುಕೊಂಡು ಮೊದಮೊದಲು ಹೆದರಿ ದೂರ ನಿಲ್ಲುತ್ತಿದ್ದರು. ಆಮೇಲೆ ನೋಡಿದರೆ ಅವಳು ಆಡಿದ ಮಾತು ಪಕ್ಕದಲ್ಲಿ ನಿಂತವರಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆ ಹೆಸರು ಬಂದದ್ದು ಅವಳ ಬೆರಳುಗಳ ದೆಸೆಯಿಂದ.

ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಅವಳ ಅಣ್ಣ ಗೆಳೆಯರನ್ನು ಕಟ್ಟಿಕೊಂಡು ಒಂದು ವಾದ್ಯತಂಡ ಮಾಡಿದ್ದ. ಅವರಲ್ಲಿ ಕೆಲವರಿಗೆ ಹಾಡುವ ಆಸೆ, ಉಳಿದವರಿಗೆಲ್ಲ ಮುಂದೆ ನಿಂತು ಗಿಟಾರ್ ನುಡಿಸುವ ಆಸೆ. ಬೇಸ್ ಗಿಟಾರ್ ಮಾತ್ರ ಯಾರಿಗೂ ಬೇಡ. ನಾಲ್ಕೇ ತಂತಿ, ಅವೂ ದಪ್ಪ. ಹಾಡಿನ ಅಡಿಯಲ್ಲಿ ಕೂತು ಧಂ ಧಂ ಎನ್ನುವ ಅದರ ದನಿ ಕೇಳುವವರ ಗಮನಕ್ಕೆ ಬರುವುದೇ ಅದು ನಿಂತಾಗ. ಮನೆಯಲ್ಲಿ ಯಾರೂ ಒಲ್ಲದ್ದು ಕಿರಿಯಳ ಪಾಲಿಗೆ ಬರುವ ಹಾಗೆ ಅದೂ ತಂಗಿಯ ಕೊರಳಿಗೆ ಬಿತ್ತು. "ಸುಮ್ನೆ ನಾನು ಹೇಳಿದ ಕಡೆ ಬೆರಳಿಡು, ಸಾಕು," ಎಂದಿದ್ದ ಅಣ್ಣ. ವರ್ಷ ತಿರುಗುವುದರೊಳಗೆ ಅವನೇ ತಂಗಿಯ ಕಾಲ್ಬೆರಳಿನ ಕುಣಿತ ನೋಡಿಕೊಂಡು ತಾಳ ಹಿಡಿಯುವಂತಾಯಿತು. ನೃತ್ಯದ ಹಾಲ್‌ಗಳಲ್ಲಿ ಅವಳು ಶುರುಮಾಡಿದಳೆಂದರೆ ಕಿಟಕಿಯ ಗಾಜು ಗುಂಯ್‌ಗುಡುತ್ತಿತ್ತು. ಯಾರೋ ತಮಾಷೆಗೆ ಗುಡುಗಮ್ಮ ಎಂದರು. ಅದೇ ನಿಂತುಬಿಟ್ಟಿತು.

ಮದುವೆಯಾಯಿತು. ಗಂಡ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಮಾತು ಕಡಿಮೆ, ಮನುಷ್ಯ ಒಳ್ಳೆಯವನು. ಮಗಳು ಹುಟ್ಟಿದಾಗ ಗುಡುಗಮ್ಮ ಅಣ್ಣನಿಗೆ, "ಮಗು ಸ್ವಲ್ಪ ದೊಡ್ಡದಾಗ್ಲಿ, ಬರ್ತೀನಿ," ಎಂದಿದ್ದಳು. ಮಗು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಅಣ್ಣ ತಂಡವನ್ನು ಮುಚ್ಚಿ, ಸಾಮಾನನ್ನೆಲ್ಲ ಮಾರಿ ಕೈತೊಳೆದುಕೊಂಡಿದ್ದ. ಊಟಕ್ಕೆ ಬಂದವನು ಅನ್ನ ಕಲೆಸುತ್ತ ಆ ಸುದ್ದಿ ಹೇಳಿದ.

"ಬೇಸೂ ಮಾರಿದ್ಯಾ?"

"ತಂಡದ್ದಲ್ವೇನೇ ಅದು? ನಿನ್ನದೇನಲ್ವಲ್ಲ."

ಅವನ ಮಾತಿನಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಒಂದು ಮಾತು ಕೇಳಬಹುದಿತ್ತು ಎಂದು ಪಾತ್ರೆ ತೊಳೆಯುವಾಗ ತನ್ನಷ್ಟಕ್ಕೆ ಅಂದುಕೊಂಡಳು. ಕೇಳಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೂ ತಿಳಿಯದು. ಬಹುಶಃ ಮಾರು ಎಂದೇ ಹೇಳುತ್ತಿದ್ದಳು.

ಅಣ್ಣ ಈಗಿಲ್ಲ. ಗಂಡನೂ ಇಲ್ಲ, ಬಂದರಿನ ಧೂಳು ಎದೆಯಲ್ಲಿ ಕೂತು, ಕೆಮ್ಮಿ ಕೆಮ್ಮಿ ಹೋದ. ಮಗಳು ನಗರದ ಬಸ್ಸು ಓಡಿಸುತ್ತಾಳೆ. ತಾಯಿ ಮಗಳು ಎರಡು ಕೋಣೆಯ ಮನೆಯಲ್ಲಿ ಒಬ್ಬರಿಗೊಬ್ಬರು ಸಿಕ್ಕಿದಾಗ ಊಟ, ಸಿಗದಿದ್ದಾಗ ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆ. ಹೀಗಿರುವಾಗ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ, ಬಿಡುವಿನಲ್ಲಿ ಡ್ರಮ್ಸ್ ಬಾರಿಸುವವನು, ಒಂದು ದಿನ ನೆಲಮಾಳಿಗೆಗೆ ಇಳಿದು ಬಂದ. "ಅಕ್ಕಾ, ನೀವು ಹಿಂದೆ ನುಡಿಸ್ತಿದ್ರಂತೆ. ನಮ್ಮ ತಂಡದಲ್ಲಿ ಎಲ್ಲಾ ಇದಾರೆ, ಬೇಸಿಗೆ ಮಾತ್ರ ಜನ ಇಲ್ಲ. ಯಾರಿಗೂ ಬೇಡ ಅದು," ಎಂದ. ಗುಡುಗಮ್ಮನಿಗೆ ನಗು ತಡೆಯಲಾಗಲಿಲ್ಲ.

ವಾದ್ಯದ ಅಂಗಡಿಯಲ್ಲಿ ಹೊಸ ಬೇಸ್‌ಗಳು ಸಾಲಾಗಿ ನೇತಾಡುತ್ತಿದ್ದವು. ಒಂದೆರಡನ್ನು ಕೊರಳಿಗೆ ಹಾಕಿಕೊಂಡು ನೋಡಿದಳು. ಹಗುರ, ಮಿರಮಿರ; ಆಟದ ಸಾಮಾನು ಹಿಡಿದ ಹಾಗಾಯಿತು. ಅಂಗಡಿಯವನು ಅವಳ ಮುಖ ನೋಡಿ, "ಹಳೇದು ಬೇಕಾ? ಒಬ್ಬರ ಮನೇಲಿದೆ. ನಾನೇ ಹೋಗಿ ನೋಡಿ ಬಂದಿದೀನಿ. ಅದಕ್ಕೆ ನಿಮಗಿಂತ ಸ್ವಲ್ಪ ದೊಡ್ಡ ವಯಸ್ಸು. ಆದ್ರೆ ಕೀಲೆಲ್ಲ ಗಟ್ಟಿ," ಎಂದ.

"ಹಾಗಿದ್ರೆ ನನಗಿಂತ ವಾಸಿ," ಎಂದು ವಿಳಾಸ ಬರೆಸಿಕೊಂಡಳು.

ರಜೆಯ ದಿನ ಮಧ್ಯಾಹ್ನ ಹೋದಳು. ಲಿಫ್ಟ್ ಕೆಟ್ಟುಹೋಗಿದ್ದ ಹಳೆಯ ಕಟ್ಟಡ, ಮೇಲಿನ ಮಹಡಿಯ ಮನೆ. ಬಾಗಿಲನ್ನು ಅರ್ಧ ತೆರೆದವಳು ಅರವತ್ತು ದಾಟಿದ ಹೆಂಗಸು. ರವಿಕೆಯ ತೋಳು ಮಡಚಿದ್ದಳು, ಮುಂಗೈ ನೀರಿನಲ್ಲೇ ಇದ್ದು ಇದ್ದು ಬಿಳಿಚಿಕೊಂಡಿತ್ತು. ಒಳಗಿನಿಂದ ಬಂದ ಔಷಧದ, ಫಿನಾಯಿಲಿನ ವಾಸನೆ ಗುಡುಗಮ್ಮನಿಗೆ ದಿನನಿತ್ಯದ್ದೇ. ಮನೆಯೊಂದರಿಂದ ಬಂದಾಗ ಮಾತ್ರ ಅವಳು ಹೊಸ್ತಿಲಲ್ಲೇ ತಡೆದು ನಿಂತಳು.

"ಗಿಟಾರಿಗೆ ಬಂದವ್ರಾ? ಬನ್ನಿ. ಸ್ವಲ್ಪ ಮೆತ್ತಗೆ ಮಾತಾಡಿ."

ಪೆಟ್ಟಿಗೆ ಸೋಫಾದ ಮೇಲೆ ತೆರೆದೇ ಇತ್ತು. ಕಂದು ಬಣ್ಣದ ಮರ. ತೋಳು ಊರುವ ಕಡೆ ಬಣ್ಣವೆಲ್ಲ ಸವೆದು ಬಿಳಿ ಮರ ಕಾಣುತ್ತಿತ್ತು. ತಂತಿ ಬಿಗಿಯುವ ಕೀಲಿಗಳಿಗೆ ತುಕ್ಕಿನ ಚುಕ್ಕೆ. ಕೊರಳಿಗೆ ಹಾಕಿಕೊಂಡು ಎಡಗೈಯಲ್ಲಿ ಗಿಟಾರಿನ ಕತ್ತನ್ನು ಹಿಡಿದಾಗ, ಅದರ ಬೆನ್ನಿನಲ್ಲಿ ಯಾರದೋ ಹೆಬ್ಬೆರಳು ವರ್ಷಾನುಗಟ್ಟಲೆ ಊರಿ ಊರಿ ಮಾಡಿದ ನಯವಾದ ತಗ್ಗಿಗೆ ಅವಳ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಬೇಕು ಅನ್ನಿಸಿತು. ಯೋಚನೆ ಮಾಡುವ ಮೊದಲೇ ಅನ್ನಿಸಿತು.

"ಯಾರು ನುಡಿಸ್ತಿದ್ರು?"

"ನಮ್ಮೆಜಮಾನ್ರು."

"ಈಗ?"

"ಈಗ ಇಲ್ಲ." ಹೆಂಗಸು ಮಾತು ಬದಲಿಸಿದಳು. "ಚೆನ್ನಾಗಿದೆ. ಅಂಗಡಿಯವ್ರೂ ನೋಡಿದಾರೆ. ಹಾಗೇ ತಗೊಂಡು ಹೋಗಿ."

"ಕರೆಂಟ್ ಕೊಡದೆ ಹೇಗೆ ತಿಳಿಯೋದು ಅಕ್ಕ? ಒಳಗಿನ ವೈರು ಸತ್ತಿದ್ರೆ?"

ಹೆಂಗಸು ಎದ್ದು ಹೋಗಿ ಒಳಕೋಣೆಯ ಬಾಗಿಲನ್ನು ಎಳೆದು ಬಂದಳು. ಮೂಲೆಯಲ್ಲಿ ಮಡಚಿಟ್ಟ ಟವೆಲುಗಳ ರಾಶಿಯನ್ನು ಎತ್ತಿದಳು. ಅದರ ಅಡಿಯಲ್ಲಿ ಸ್ಪೀಕರ್ ಪೆಟ್ಟಿಗೆ ಇತ್ತು. "ಒಂದೇ ಒಂದ್ಸಲ. ಮೆಲ್ಲಗೆ."

ಮೆಲ್ಲಗೇ ನುಡಿಸಬೇಕೆಂದಿದ್ದಳು. ಆದರೆ ಬೇಸಿನ ದನಿ ಕಿವಿಗಿಂತ ಮೊದಲು ನೆಲ ಹಿಡಿದು ಹೋಗುತ್ತದೆ. ಎಷ್ಟು ತಗ್ಗಿಸಿದರೂ ಗೋಡೆಗೆ ಗೊತ್ತಾಗುತ್ತದೆ. ಅಣ್ಣ ಮೊದಲು ಕಲಿಸಿದ ಒಂದು ಸರಳ ನಡೆಯನ್ನು ಎರಡು ಸುತ್ತು ನುಡಿಸಿದಳು. ಕಪಾಟಿನೊಳಗಿನ ಲೋಟಗಳು ನಡುಗಿದವು. ಒಳಕೋಣೆಯಿಂದ ಕಬ್ಬಿಣಕ್ಕೆ ಕೈ ಬಡಿದ ಸದ್ದು ಬಂತು. ಹಿಂದೆಯೇ ಗಂಡಸಿನ ದನಿ.

"ಆಯ್ತು! ಆಯ್ತು! ಆಯ್ತು!"

ಗುಡುಗಮ್ಮ ಗಾಬರಿಯಿಂದ ತಂತಿಗಳ ಮೇಲೆ ಅಂಗೈ ಮುಚ್ಚಿದಳು. "ಅಯ್ಯೋ, ಸಾಕು ಅಂತಿದಾರೆ. ಮಲಗಿದ್ರೇನೋ..."

"ಸಾಕು ಅಂತಿದಾರೋ, ಇನ್ನೂ ಬೇಕು ಅಂತಿದಾರೋ, ಯಾರಿಗೆ ಗೊತ್ತು?" ಹೆಂಗಸು ಸೋಫಾದ ತುದಿಯಲ್ಲಿ ಕುಸಿದು ಕೂತಳು. ಗಂಡನಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಹೋಯಿತಂತೆ. ಜೊತೆಗೆ ಮಾತೂ ಹೋಯಿತು. "ಅದೊಂದು ಮಾತು ಮಾತ್ರ ಹೇಗೋ ಉಳ್ಕೊಂಡಿದೆ. ಹಸಿವಾದ್ರೂ ಆಯ್ತು, ನೋವಾದ್ರೂ ಆಯ್ತು. ತಲೆ ಆಡಿಸೋದೂ ಹಾಗೇ, ಹೌದು ಅಲ್ಲ ಎರಡೂ ಕಲೆಸಿ ಹೋಗಿದೆ. ಡಾಕ್ಟ್ರು ನನ್ನನ್ನ ತೋರಿಸಿ ಇವರ್ಯಾರು ಅಂತ ಕೇಳಿದ್ರು. ಆಯ್ತು ಅಂದ್ರು." ಆಕೆಗೆ ನಗು ಬಂದು ಅರ್ಧಕ್ಕೇ ನಿಂತಿತು. "ಸರಿಯಾಗೇ ಹೇಳಿದ್ರು ಅನ್ನಿ."

ಗುಡುಗಮ್ಮನ ಕೊರಳಲ್ಲಿ ಗಿಟಾರ್ ಇದ್ದಕ್ಕಿದ್ದ ಹಾಗೆ ಭಾರವಾಯಿತು. "ಮಾರೋ ವಿಷ್ಯ... ಅವರನ್ನ ಒಂದು ಮಾತು ಕೇಳಿದ್ರಾ?"

"ಕೇಳ್ದೆ. ಮಾರಲಾ ಅಂದೆ, ಆಯ್ತು ಅಂದ್ರು. ಬೇಡ್ವಾ, ಇಟ್ಕೊಳ್ಳಲಾ ಅಂದೆ, ಆಯ್ತು ಅಂದ್ರು. ಇನ್ನು ಹೇಗೆ ಕೇಳ್ಬೇಕು ನೀವೇ ಹೇಳಿ."

ಅಲ್ಲಿಗೆ ಸುಮ್ಮನಿರಬೇಕಿತ್ತು. ಅನ್ನ ಕಲೆಸುತ್ತಿದ್ದ ಅಣ್ಣನ ಕೈ ಅವಳ ಕಣ್ಣಮುಂದೆ ಬಂದು ಸುಮ್ಮನಿರಗೊಡಲಿಲ್ಲ. "ನಾನು ಅವರನ್ನ ನೋಡ್ಬಹುದಾ? ಒಂದೇ ನಿಮಿಷ," ಎಂದಳು. ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೇಡ ಎನ್ನಲು ಬಾಯಿ ತೆರೆದವಳು ಏನನ್ನಿಸಿತೋ, ಎದ್ದು ಬಾಗಿಲು ತೆರೆದಳು.

ಕೋಣೆ ತುಂಬ ಕಬ್ಬಿಣದ ಮಂಚ, ರೋಗಿಯನ್ನು ಎತ್ತಿ ಕೂರಿಸುವ ಸಲಕರಣೆ; ಮಿಕ್ಕ ಜಾಗದಲ್ಲಿ ಒಬ್ಬರು ಅಡ್ಡಲಾಗಿ ನಡೆಯಬಹುದಿತ್ತು. ಎದುರು ಗೋಡೆಯಲ್ಲಿ ಒಂದು ಮೊಳೆ, ಅದರ ಕೆಳಗೆ ಗಿಟಾರಿನ ಆಕಾರಕ್ಕೇ ಸುಣ್ಣ ಬೆಳ್ಳಗೆ ಉಳಿದಿತ್ತು. ಮನುಷ್ಯ ಒಂದು ಕಾಲಕ್ಕೆ ಕಟ್ಟುಮಸ್ತಾಗಿ ಇದ್ದಿರಬೇಕು. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸವಂತೆ. ಎಡಗೈ ಬೆರಳುಗಳ ಮೇಲೆ ಹಳೆಯ ಗಾಯದ ಗೆರೆಗಳಿದ್ದವು. ಬಲಗೈಯನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದರು, ಬೇರೆ ಯಾರೋ ಮರೆತು ಹೋದ ವಸ್ತುವಿನಂತೆ. ಕಣ್ಣು ಮಾತ್ರ ಚುರುಕಾಗಿ ಗಿಟಾರಿನ ಮೇಲೆ ನೆಟ್ಟಿತ್ತು.

"ನಾನೇ ನುಡಿಸಿದ್ದು ಅಣ್ಣ," ಎಂದಳು ಗುಡುಗಮ್ಮ. "ತಪ್ಪಿದ್ರೆ ಬೈರಿ."

"ಆಯ್ತು."

ಅವಳು ಗಿಟಾರನ್ನು ಕೊರಳಿಂದ ತೆಗೆದು ಮೆಲ್ಲಗೆ ಅವನ ಎದೆಯ ಮೇಲಿಟ್ಟಳು. ಎಡಗೈ ತಾನೇ ಬಂದು ಕತ್ತನ್ನು ಹಿಡಿಯಿತು. ಬೆರಳುಗಳು ಒಂದೊಂದಾಗಿ ತಂತಿಯ ಮೇಲೆ ಊರಿ ನಿಂತವು. ಒತ್ತುವ ಕೈ ಇತ್ತು, ಮೀಟುವ ಕೈ ಇರಲಿಲ್ಲ. ಅದು ಕಂಡದ್ದೇ ಅವಳು ಹಿಂದೆಮುಂದೆ ನೋಡದೆ ಮಂಚದ ಅಂಚಿನಲ್ಲಿ ಕೂತು ತನ್ನ ಬಲಗೈಯಿಂದ ತಂತಿ ಮೀಟಿದಳು. ಹೊರಕೋಣೆಯ ಸ್ಪೀಕರಿಗೆ ವೈರು ಇನ್ನೂ ಸಿಕ್ಕಿಸಿಯೇ ಇತ್ತು; ಅಲ್ಲಿಂದ ದನಿ ಹೊರಟು ಮನೆಯೆಲ್ಲ ಹಬ್ಬಿತು. ಅವಳು ಈಗಷ್ಟೇ ನುಡಿಸಿದ ಅದೇ ನಡೆ. ಆದರೆ ಮೂರನೆಯ ಸ್ವರ ಬೇರೆ. ಅಣ್ಣ ಕಲಿಸಿದ್ದೇ ತಪ್ಪು. ಇಷ್ಟು ವರ್ಷ ಅವಳು ತಪ್ಪನ್ನೇ ನುಡಿಸಿದ್ದಳು. ಮಲಗಿದಲ್ಲಿಂದಲೇ ಅವನು ಅದನ್ನು ತಿದ್ದಿದ.

"ಹೌದಲ್ವಾ!" ಎಂದು ಅವಳು ನಕ್ಕಳು. ಅವನ ತುಟಿಯ ಎಡತುದಿ ಏರಿತು.

ಆಮೇಲೆ ಅವನು ಇನ್ನೊಂದಕ್ಕೆ ಹೋದ. ನಿಧಾನದ, ಜೋಡಿಗಳು ಕುಣಿಯುವ ಬಗೆಯದು. ಅವನ ಬೆರಳು ಎಲ್ಲಿಗೆ ಜಾರುತ್ತದೆಂದು ನೋಡಿಕೊಂಡು ಅವಳು ಮೀಟುತ್ತ ಹೋದಳು. ಒಂದು ಸುತ್ತು ಸರಿಯಾಗಿ ಬಂತು. ಹೆಂಡತಿ ಬಾಗಿಲಲ್ಲಿ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಎರಡನೆಯ ಸುತ್ತಿನ ನಡುವೆ ಬೆರಳು ಒಂದು ಕಡೆ ಹೋಗಿ ತಡೆಯಿತು. ಮುಂದಿನ ಜಾಗ ಸಿಗಲಿಲ್ಲ. ಮೊದಲಿಂದ ಶುರುಮಾಡಿದ. ಅಲ್ಲೇ ಬಂದು ನಿಂತ. ಮತ್ತೆ ಮೊದಲಿಂದ, ಮತ್ತೆ ಅಲ್ಲೇ. ಅವನು ತಲೆ ತಿರುಗಿಸಿ ದಿಂಬಿನ ಮೇಲಿದ್ದ ತನ್ನ ಬಲಗೈಯನ್ನು ನೋಡಿದ. ಆಮೇಲೆ ತಂತಿಯ ಮೇಲಿದ್ದ ಅವಳ ಬಲಗೈಯನ್ನು ನೋಡಿದ. ಆ ನೋಟದಲ್ಲಿ ಏನಿತ್ತೋ, ಅವಳ ಕೈ ಸುಟ್ಟ ಹಾಗೆ ಹಿಂದಕ್ಕೆ ಬಂತು.

ಒಂದೇ ಏಟಿಗೆ ಅವನು ಗಿಟಾರನ್ನು ತಳ್ಳಿಬಿಟ್ಟ. ಅದರ ತಲೆ ಮಂಚದ ಸರಳಿಗೆ ಬಡಿದು ಒಂದು ಚಕ್ಕೆ ಮರ ಹಾರಿತು. ನೆಲಕ್ಕೆ ಬೀಳುವ ಮೊದಲು ಅವಳು ಹಿಡಿದುಕೊಂಡಳು. ಅವನ ಬಾಯಿ ಅಗಲವಾಗಿ ತೆರೆದಿತ್ತು. ಅಳು ಬರುತ್ತಿತ್ತು, ದನಿ ಬರುತ್ತಿರಲಿಲ್ಲ.

ಹೆಂಡತಿ ಅವಳ ರಟ್ಟೆ ಹಿಡಿದು ಹೊರಗೆ ತಂದು ಬಾಗಿಲು ಹಾಕಿದಳು. "ತೃಪ್ತಿ ಆಯ್ತಾ?"

"ಅಕ್ಕಾ, ನಾನು ಅವರನ್ನ ಒಂದು ಮಾತು ಕೇಳೋಣ ಅಂತ..."

"ಎಲ್ಲರಿಗೂ ಅವರನ್ನೇ ಕೇಳ್ಬೇಕು. ನನ್ನನ್ನ ಯಾರು ಕೇಳಿದಾರೆ?" ಮೆತ್ತಗೆ ಮಾತಾಡಿ ಎಂದವಳ ದನಿಯೇ ಈಗ ಏರಿತ್ತು. "ಗಟ್ಟಿ ಇದ್ದಾಗ ವಾರ ವಾರ ಈ ಸವತೀನ ತಬ್ಕೊಂಡು ಹೋದ್ರು. ನಾನು ಇದೇ ಸೋಫಾದ ಮೇಲೆ ಕೂತು ಕಾದೆ. ಈಗ ಇದನ್ನ ಕಣ್ಣೆದುರಿಗೆ ಇಟ್ರೆ ಅಳ್ತಾರೆ. ತೆಗೆದಿಟ್ರೆ ಗೋಡೆ ನೋಡ್ಕೊಂಡು ಅಳ್ತಾರೆ. ಇವತ್ತಿನದು ಇಳಿಯೋಕೆ ಎಷ್ಟು ದಿನ ಬೇಕೋ! ಅಲ್ಲೀವರೆಗೂ ಬಾಯಿಗೆ ತುತ್ತು ಇಡೋಳು ನಾನು, ಉಗಿಸ್ಕೊಳ್ಳೋಳು ನಾನು. ಬೇಕಾದ್ರೆ ತಗೊಳ್ಳಿ, ಬೇಡಾಂದ್ರೆ ಬಿಡಿ. ನಮ್ಮನೇಗೆ ಬಂದು ಕರುಣೆ ಮಾತ್ರ ತೋರಿಸ್ಬೇಡಿ."

ಗುಡುಗಮ್ಮ ಬೇಡವೆಂದು ಹೊರಟುಬಿಡಬಹುದಿತ್ತು. ದಾರಿಯುದ್ದಕ್ಕೂ, ಆಮೇಲೂ, ಅವಳು ತನ್ನನ್ನು ತಾನು ಕೇಳಿಕೊಂಡದ್ದು ಅದನ್ನೇ. ಆದರೆ ಆ ಗಿಟಾರ್ ಅವಳಿಗೆ ಬೇಕಾಗಿತ್ತು. ಒಳಗೆ ಆ ಮನುಷ್ಯ ಬಾಯಿ ತೆರೆದು ಅಳುತ್ತಿದ್ದಾಗಲೂ ಬೇಕಾಗಿತ್ತು. ಚೌಕಾಸಿ ಮಾಡದೆ ಕೇಳಿದ್ದನ್ನು ಕೊಟ್ಟಳು. ಹೆಂಗಸು ಎಣಿಸದೆ ಮುಷ್ಟಿಯಲ್ಲಿ ಹಿಡಿದುಕೊಂಡು ಬಾಗಿಲು ಮುಚ್ಚಿದಳು.

ಮನೆಯಲ್ಲಿ ಅವಳು ನುಡಿಸಿ ತೋರಿಸಿದಾಗ ಮಗಳು, "ಎಂಥ ದನಿ ಅಮ್ಮಾ! ಇಷ್ಟು ವರ್ಷ ಇದನ್ನ ಬಿಟ್ಟು ಹೇಗಿದ್ದೆ?" ಎಂದಳು. ಆಂಬುಲೆನ್ಸ್ ಚಾಲಕನ ತಂಡದಲ್ಲೂ ಎಲ್ಲರಿಗೂ ಖುಷಿ. ಗಿಟಾರಿನ ತಲೆಯಲ್ಲಿ ಚಕ್ಕೆ ಹಾರಿದ್ದನ್ನು ಕಂಡು ಒಬ್ಬ ಇದೇನೆಂದು ಕೇಳಿದ. ತರುವಾಗ ತಾಗಿತು ಎಂದಳು. ದನಿ ನಿಜಕ್ಕೂ ಚೆನ್ನಾಗಿತ್ತು. ಅದೇ ಅವಳಿಗೆ ಸಂಕಟವಾಗುತ್ತಿದ್ದುದು. ಕೆಟ್ಟದಾಗಿದ್ದರೆ ಹಿಂದಿರುಗಿಸಲು ಒಂದು ನೆಪ ಸಿಗುತ್ತಿತ್ತು. ನುಡಿಸುವಾಗ ಒಮ್ಮೊಮ್ಮೆ ತನ್ನ ಬಲಗೈ ಇನ್ನೊಬ್ಬರ ಮನೆಯೊಳಗೆ ಹೇಳದೆ ಕೇಳದೆ ನುಗ್ಗಿದ ಹಾಗೆ ಅನ್ನಿಸಿ ತಾಳ ತಪ್ಪುತ್ತಿತ್ತು. ಮಗಳಿಗೆ ಒಂದು ದಿನ ನಡೆದದ್ದನ್ನೆಲ್ಲ ಹೇಳಿದಳು. "ವಾಪಸ್ ಕೊಟ್ಟು ಬಾ," ಎಂದಳು ಮಗಳು. ಆಮೇಲೆ ತಾನೇ, "ಅವ್ರು ತಗೊಳ್ತಾರಾ?" ಎಂದಳು.

ತಡೆಯಲಾರದೆ ಒಂದು ಮಧ್ಯಾಹ್ನ ಪೆಟ್ಟಿಗೆ ಹೊತ್ತುಕೊಂಡು ಆ ಮೆಟ್ಟಿಲು ಹತ್ತಿದಳು. ಬಾಗಿಲು ಈ ಸಲ ಪೂರ್ತಿ ತೆರೆಯಿತು. ಒಳಕೋಣೆಯ ಕಿಟಕಿಗಳೂ ತೆರೆದಿದ್ದವು. ಮಂಚ ಇರಲಿಲ್ಲ. ಮಂಚದ ಕಾಲುಗಳಿದ್ದ ಕಡೆ ನೆಲದ ಮೇಲೆ ನಾಲ್ಕು ಗುರುತು.

"ಹೋದ್ರು," ಎಂದಳು ಹೆಂಗಸು. "ಕೂತ್ಕೊಳ್ಳಿ."

ಗುಡುಗಮ್ಮನಿಗೆ ಕೂರಲಾಗಲಿಲ್ಲ. ಹೆಂಗಸು ತಾನೇ ಹೇಳುತ್ತ ಹೋದಳು, ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಅವತ್ತಿನ ನಂತರ ಬಾಯಿ ತೆರೆಯಲೇ ಇಲ್ಲವಂತೆ. ಅನ್ನವೂ ಇಲ್ಲ, ಆ ಒಂದು ಮಾತೂ ಇಲ್ಲ. ಸೊರಗಿದಾಗ ಆಸ್ಪತ್ರೆಗೆ ಸೇರಿಸಿದರು. "ನೀವು ಕೆಲಸ ಮಾಡೋ ಆಸ್ಪತ್ರೆನೇ. ಅಂಗಡಿಯವ್ರು ಹೇಳಿದ್ರು ನೀವಲ್ಲಿ ಅಂತ. ಮೂಗಲ್ಲಿ ನಳಿಗೆ ಹಾಕಿದ್ರು. ಎಡಗೈಲಿ ಕಿತ್ತು ಬಿಸಾಕೋರು. ಹಾಕೋದು, ಕೀಳೋದು. ಕೊನೆಗೆ ಆ ಕೈ ಮಂಚಕ್ಕೆ ಕಟ್ಟಿದ್ರು. ನಾನೇ ಸೈ ಹಾಕಿಕೊಟ್ಟೆ."

ಗುಡುಗಮ್ಮ ಪೆಟ್ಟಿಗೆಯನ್ನು ಕೆಳಗಿಟ್ಟಳು. "ಅಕ್ಕಾ, ನಾನು ಅವತ್ತು ಒಳಗೆ ಹೋಗದೇ ಇದ್ದಿದ್ರೆ..."

ಹೆಂಗಸು ಅವಳ ಮುಖ ನೋಡಿದಳು. "ನಿಮ್ಮಿಂದ ಅಲ್ಲ ಅಂತ ಹೇಳಿ ಕಳಿಸ್ಬಹುದು. ಆದ್ರೆ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಗೆ ಹೇಳ್ಲಿ?"

ಕೆಳಗಿನ ರಸ್ತೆಯಲ್ಲಿ ಯಾರೋ ಗಾಡಿಯ ಹಾರನ್ ಒತ್ತಿ ಹಿಡಿದಿದ್ದರು. ಅದು ನಿಂತ ಮೇಲೆ ಹೆಂಗಸು, "ಕಟ್ಟಿ ಹಾಕಿದ ಮೇಲೂ ಬೆರಳು ಆಡ್ತಾನೇ ಇತ್ತು. ನರ್ಸು ಅದು ನಡುಕ ಅಂದ್ಳು. ನಂಗೆ ಹಾಗನ್ನಿಸ್ಲಿಲ್ಲ," ಎಂದಳು. ಆಮೇಲೆ ತುಸು ಸಂಕೋಚದಿಂದ, "ಅವತ್ತು ನೀವಿಬ್ರೂ ಸೇರಿ ನುಡಿಸಿದ್ರಲ್ಲ, ನಿಧಾನದ್ದು. ಅದು ಯಾವ ಹಾಡು?"

"ಗೊತ್ತಾಗ್ಲಿಲ್ಲ ಅಕ್ಕ. ಬೇಸ್ ಒಂದನ್ನೇ ಕೇಳಿದ್ರೆ ಹಾಡು ತಿಳಿಯಲ್ಲ. ಎಷ್ಟೋ ಹಾಡಿಗೆ ಅದೇ ನಡೆ ಇರುತ್ತೆ. ಮೇಲಿನದನ್ನ ಬೇರೆಯವ್ರು ಹಾಡ್ಬೇಕು."

"ಹಾಗಾ," ಎಂದಳು ಹೆಂಗಸು. "ಇಷ್ಟು ವರ್ಷ ಒಂದೇ ಮನೇಲಿದ್ದು ಅದೂ ತಿಳ್ಕೊಂಡಿರ್ಲಿಲ್ಲ ನೋಡಿ."

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋಗುತ್ತೇನೆಂದು ಗುಡುಗಮ್ಮ ಹೇಳಿದಾಗ ಹೆಂಗಸು ಒಪ್ಪಲಿಲ್ಲ. ಸಿಟ್ಟಾಗಲೂ ಇಲ್ಲ. "ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ನುಡಿಸಿ ಅಂತಾನೂ ಹೇಳಲ್ಲ, ನುಡಿಸ್ಬೇಡಿ ಅಂತಾನೂ ಹೇಳಲ್ಲ. ಅದು ನಿಮ್ಮದು," ಎಂದು ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು ಮೊದಲ ತಿರುವಿನವರೆಗೆ ಮೆಟ್ಟಿಲಿಳಿಸಿಕೊಟ್ಟಳು. ಅಲ್ಲಿಂದ ಮುಂದಕ್ಕೆ ಗುಡುಗಮ್ಮ ಒಬ್ಬಳೇ ಇಳಿದಳು.

ಮಾರನೆಯ ದಿನ ಕೆಲಸದಲ್ಲಿ ಒಗೆದ ಬಟ್ಟೆಯ ಗಾಡಿ ಬಂತು. ಹೊದಿಕೆಗಳ ನಡುವೆ ರೋಗಿಗಳ ಕೈ ಕಟ್ಟುವ ಅಗಲ ಪಟ್ಟಿಗಳೂ ಇದ್ದವು. ಉದ್ದ ಲಾಡಿಯ, ದಪ್ಪ ಬಟ್ಟೆಯವು. ಲಾಡಿ ಸುರುಟದ ಹಾಗೆ ಬಿಡಿಸಿ ಉರುಳೆಗೆ ಕೊಡಬೇಕು. ಎಷ್ಟು ವರ್ಷದಿಂದ ಅವನ್ನು ಇಸ್ತ್ರಿ ಮಾಡಿ, ಅಟ್ಟಿ ಕಟ್ಟಿ ಮೇಲಕ್ಕೆ ಕಳಿಸಿದ್ದಳೋ! ಅವಳ ಮಟ್ಟಿಗೆ ಅವು ದಿಂಬಿನ ಚೀಲಕ್ಕಿಂತ ಬೇಗ ಮುಗಿಯುವ ಬಟ್ಟೆಗಳಾಗಿದ್ದವು, ಅಷ್ಟೇ. ಮೊದಲನೆಯದನ್ನು ಎತ್ತಿಕೊಂಡವಳು ಹಾಗೆಯೇ ನಿಂತಳು. ಹಿಂದಿನಿಂದ ಮೇಲ್ವಿಚಾರಕ, "ಏನಮ್ಮಾ, ಯಂತ್ರ ಖಾಲಿ ಓಡ್ತಿದೆ," ಎಂದು ಕೂಗಿದ.

"ಇವನ್ನ ಬೇರೆಯವ್ರಿಗೆ ಕೊಡಿ ಸಾರ್. ಮಣಿಕಟ್ಟು ನೋವು," ಎಂದಳು.

"ಗಿಟಾರ್ ಬಾರಿಸೋಕೆ ನೋವಿಲ್ವಾ?" ಎಂದು ಅವನು ನಗೆಯಾಡಿದ. ಸುತ್ತಲಿದ್ದವರೂ ನಕ್ಕರು. ಬೇರೆಯವರಿಗೆ ಕೊಡಲಿಲ್ಲ. ಅವಳು ಲಾಡಿಗಳನ್ನು ಒಂದೊಂದಾಗಿ ಬಿಡಿಸಿ, ನೇರ ಮಾಡಿ, ಉರುಳೆಗೆ ಕೊಡುತ್ತ ಹೋದಳು.